ಕೇಳಿದ್ದಕ್ಕೂ ಮಾಡಿದ್ದಕ್ಕೂ ನಡುವೆ

ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ಭಾಗದಲ್ಲಿ ಎಎಫ್-ಪ್ಯಾಕೆಟ್ ಎಂಬ ಕಡತವಿದೆ. ಅದರಲ್ಲಿ ಒಂದು ಪ್ರಶ್ನೆ ವರ್ಷಗಟ್ಟಲೆ ಹೀಗೇ ಕುಳಿತಿತ್ತು: ಈ ಸಾಕೆಟ್‌ಗೆ ಆಗಲೇ ಬಫರ್ ಕಟ್ಟಿಕೊಟ್ಟಾಗಿದೆಯೇ? ಆಗಿದ್ದರೆ ಅದರ ವಿನ್ಯಾಸದ ಆವೃತ್ತಿ ಬದಲಿಸಲು ಬಿಡಬೇಡ, ‘ಕೆಲಸದಲ್ಲಿದೆ’ ಎಂದು ವಾಪಸ್ ಕಳಿಸು. ಆಗಿಲ್ಲವಾದರೆ ಬದಲಿಸು.

ಪ್ರಶ್ನೆ ಸರಿಯಾಗಿತ್ತು. ಬರೆದವರು ಅಪಾಯ ಎಲ್ಲಿದೆ ಎಂದು ಊಹಿಸಿಯೇ ಅದನ್ನು ಬರೆದಿದ್ದರು. ಆದರೂ 2011ರಿಂದ 2016ರವರೆಗೆ, ಐದು ವರ್ಷಕ್ಕೂ ಹೆಚ್ಚು ಕಾಲ, ಆ ಪ್ರಶ್ನೆಯ ಪಕ್ಕದಲ್ಲೇ ಒಂದು ಕಳ್ಳದಾರಿ ತೆರೆದಿತ್ತು. 2013ರಿಂದ ಈಚೆಗಂತೂ ಅದನ್ನು ಬಲ್ಲ ಸಾಮಾನ್ಯ ಬಳಕೆದಾರನೊಬ್ಬ ಒಳನುಗ್ಗಿ ಇಡೀ ಯಂತ್ರದ ಯಜಮಾನನಾಗಿ ಕೂರಬಹುದಿತ್ತು.

2016ರ ನವೆಂಬರ್ ಕೊನೆಗೆ ಆ ದಾರಿಯನ್ನು ಕರ್ನಲ್ ಭದ್ರತಾ ತಂಡಕ್ಕೆ ತೋರಿಸಿಕೊಟ್ಟವರು ಫಿಲಿಪ್ ಪೆಟರ್ಸನ್. ಕೋಡ್ ಓದುತ್ತಾ ಕಂಡುಕೊಂಡದ್ದು ಅದು. ದೋಷಕ್ಕೆ ಸಿವಿಇ-2016-8655 ಎಂಬ ಸಂಖ್ಯೆ ಬಿತ್ತು. ಕಂಡುಹಿಡಿದ ಬಗೆ ಎಷ್ಟು ಸೊಗಸೋ, ಮುಚ್ಚಿದ ಮೇಲೆ ನಡೆದದ್ದು ಅಷ್ಟೇ ಪಾಠದ್ದು. ಎರಡನ್ನೂ ಹೇಳುತ್ತೇನೆ.

ಮೊದಲು ಎಎಫ್-ಪ್ಯಾಕೆಟ್ ಯಾರ ಕೆಲಸಕ್ಕೆ ಬರುತ್ತದೆ ಎಂಬುದು. ನಾವು ಬ್ರೌಸರ್ ತೆರೆದಾಗ ಬಳಕೆಯಾಗುವುದು ಟಿಸಿಪಿ ಸಾಕೆಟ್. ಕರ್ನಲ್ ಪ್ಯಾಕೆಟ್‌ಗಳನ್ನು ಬಿಡಿಸಿ, ಜೋಡಿಸಿ, ಒಳಗಿನ ತಿರುಳನ್ನು ಮಾತ್ರ ಕೈಗೆ ಕೊಡುತ್ತದೆ. ಎಎಫ್-ಪ್ಯಾಕೆಟ್ ಸಾಕೆಟ್ ಹಾಗಲ್ಲ. ತಂತಿಯ ಮೇಲೆ ಬಂದದ್ದನ್ನು ಸಿಪ್ಪೆ ಸಮೇತ ಕೊಡುತ್ತದೆ. ಜಾಲದಲ್ಲಿ ಏನು ಹರಿಯುತ್ತಿದೆ ಎಂದು ನೋಡುವ ಟಿಸಿಪಿಡಂಪ್, ವೈರ್‌ಶಾರ್ಕ್‌ನಂಥ ಉಪಕರಣಗಳು ಲಿನಕ್ಸ್‌ನಲ್ಲಿ ನಿಂತಿರುವುದು ಇದರ ಮೇಲೆ. ಇಂಥ ಉಪಕರಣಕ್ಕೆ ಪ್ಯಾಕೆಟ್‌ಗಳು ಮಳೆಯಂತೆ ಸುರಿಯುತ್ತವೆ. ಪ್ರತಿ ಪ್ಯಾಕೆಟ್‌ಗೂ ಕರ್ನಲ್ ಬಾಗಿಲು ತಟ್ಟಿ ಕೇಳುತ್ತಾ ಕೂತರೆ ಹೊತ್ತು ಸಾಲದು. ಆದ್ದರಿಂದ ಕರ್ನಲ್ ಮತ್ತು ಪ್ರೋಗ್ರಾಂ ಇಬ್ಬರಿಗೂ ಕಾಣುವ ಒಂದು ತುಂಡು ಮೆಮೊರಿ ಇಟ್ಟುಕೊಳ್ಳುತ್ತಾರೆ. ಕರ್ನಲ್ ಒಂದು ಕಡೆಯಿಂದ ತುಂಬುತ್ತಾ ಹೋಗುತ್ತದೆ, ಪ್ರೋಗ್ರಾಂ ಹಿಂದಿನಿಂದ ಖಾಲಿ ಮಾಡುತ್ತಾ ಬರುತ್ತದೆ, ಕೊನೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಇದೇ ರಿಂಗ್ ಬಫರ್.

ಈ ರಿಂಗಿನ ವಿನ್ಯಾಸಕ್ಕೆ ಮೂರು ಆವೃತ್ತಿಗಳಿವೆ. ಮೂರನೆಯದು ಸೇರಿದ್ದು 2011ರ ಆಗಸ್ಟ್‌ನಲ್ಲಿ. 2012ರ ಜನವರಿಯ ಲಿನಕ್ಸ್ 3.2ರೊಂದಿಗೆ ಅದು ಜನರ ಕೈಗೆ ಬಂತು. ಮೊದಲೆರಡರಲ್ಲಿ ಪ್ರತಿ ಪ್ಯಾಕೆಟ್‌ಗೂ ಒಂದೇ ಅಳತೆಯ ಖಾನೆ. ಮೂರನೆಯದರಲ್ಲಿ ದೊಡ್ಡ ದೊಡ್ಡ ಬ್ಲಾಕ್‌ಗಳು. ಪ್ಯಾಕೆಟ್‌ಗಳು ತಮ್ಮ ತಮ್ಮ ಗಾತ್ರಕ್ಕೆ ತಕ್ಕಂತೆ ಒತ್ತೊತ್ತಾಗಿ ಕೂರುತ್ತವೆ, ಬ್ಲಾಕ್ ತುಂಬಿದ ಮೇಲೆ ಪ್ರೋಗ್ರಾಂಗೆ ಹಸ್ತಾಂತರ. ಜಾಗ ಉಳಿಯಿತು, ವೇಗ ಹೆಚ್ಚಿತು. ಆದರೆ ಬ್ಲಾಕ್ ತುಂಬದೇ ಹೋದರೆ? ಸೀಟು ಭರ್ತಿಯಾಗುವವರೆಗೆ ಟೆಂಪೋ ಹೊರಡುವುದಿಲ್ಲವೆಂದರೆ ಒಳಗೆ ಕೂತ ನಾಲ್ವರ ಗತಿ ಏನು? ಅದಕ್ಕೊಂದು ಟೈಮರ್ ಇಟ್ಟರು. ಇಷ್ಟು ಮಿಲಿಸೆಕೆಂಡ್ ಕಳೆದರೆ, ಅರೆಬರೆ ತುಂಬಿದ್ದರೂ ಬ್ಲಾಕ್ ಹೊರಡಲಿ. ಟೈಮರ್ ಒಮ್ಮೆ ಹೊಡೆದ ಮೇಲೆ ಮುಂದಿನ ಸುತ್ತಿಗೆ ತನ್ನನ್ನು ತಾನೇ ಮತ್ತೆ ಹೂಡಿಕೊಳ್ಳುತ್ತದೆ.

ಟೈಮರ್ ಇರುವುದು ಮೂರನೆಯ ಆವೃತ್ತಿಗೆ ಮಾತ್ರ ಎಂಬುದನ್ನು ನೆನಪಿಡಬೇಕು. ಸಾಕೆಟ್ ಮುಚ್ಚುವಾಗಲೂ ಕೋಡ್ ಇದನ್ನೇ ನೋಡುತ್ತಿತ್ತು: ನಿನ್ನದು ಮೂರನೆಯ ಆವೃತ್ತಿಯೇ? ಹೌದಾದರೆ ಟೈಮರ್ ನಿಲ್ಲಿಸುತ್ತೇನೆ. ಅಲ್ಲವಾದರೆ ನಿಲ್ಲಿಸುವುದಕ್ಕೆ ಏನೂ ಇಲ್ಲ.

ಇನ್ನು ಬೀಗದ ಮಾತು. ಲಿನಕ್ಸ್ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳ ಯಂತ್ರಗಳಲ್ಲಿ ಓಡಲು ಕಲಿತದ್ದು 1996ರ 2.0 ಆವೃತ್ತಿಯಲ್ಲಿ. ಆಗ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗ. ಒಬ್ಬ ಒಳಗಿದ್ದರೆ ಉಳಿದವರೆಲ್ಲ ಹೊಸ್ತಿಲಾಚೆ. ಸುರಕ್ಷಿತ, ಆದರೆ ನಿಧಾನ. ವರ್ಷಗಳು ಕಳೆದಂತೆ ಆ ದೊಡ್ಡ ಬೀಗವನ್ನು ಒಡೆದು ಸಣ್ಣ ಸಣ್ಣ ಬೀಗಗಳನ್ನು ಮಾಡುತ್ತಾ ಬಂದರು. 2011ರ ಮೇ ತಿಂಗಳ 2.6.39ರಲ್ಲಿ ಅದರ ಕೊನೆಯ ಕುರುಹೂ ಹೋಯಿತು. ನೆಟ್‌ವರ್ಕ್ ಕೋಡ್ ಅದಕ್ಕೂ ಬಹಳ ಮೊದಲೇ ಬೇರೆ ಮನೆ ಹೂಡಿತ್ತು. ಅಲ್ಲಿ ಪ್ರತಿ ಸಾಕೆಟ್‌ಗೂ ಅದರದೇ ಬೀಗ. ಹಾಕುವ ಕ್ರಿಯೆಯ ಹೆಸರು ಲಾಕ್-ಸಾಕ್, ತೆಗೆಯುವುದು ರಿಲೀಸ್-ಸಾಕ್.

ಈ ಲಾಕ್-ಸಾಕ್ ನನಗೆ ಬಹಳ ಮೆಚ್ಚಿನ ರಚನೆ. ಸಾಕೆಟ್‌ಗೆ ಎರಡು ಬಗೆಯ ಜನ ಬರುತ್ತಾರೆ. ಒಬ್ಬ ನಮ್ಮ ಪ್ರೋಗ್ರಾಂ. ಅವನಿಗೆ ಸಮಯವಿದೆ, ಬೀಗ ಸಿಗದಿದ್ದರೆ ಮಲಗಿ ಕಾಯಬಲ್ಲ. ಇನ್ನೊಬ್ಬ ನೆಟ್‌ವರ್ಕ್ ಕಾರ್ಡಿನಿಂದ ಈಗಷ್ಟೇ ಬಂದ ಪ್ಯಾಕೆಟ್. ಅವನ ಹಿಂದೆ ಸಾವಿರ ಪ್ಯಾಕೆಟ್‌ಗಳು ಸಾಲು ನಿಂತಿವೆ, ಮಲಗುವಂತಿಲ್ಲ. ಇಬ್ಬರಿಗೂ ಒಂದೇ ಬೀಗ ಹೊಂದುವುದು ಹೇಗೆ? ಸಾಕೆಟ್ ಒಳಗೆ ‘ಪ್ರೋಗ್ರಾಂ ಹಿಡಿದಿದೆ’ ಎಂಬ ಗುರುತು ಇಟ್ಟಿರುತ್ತಾರೆ. ಆ ಗುರುತು ಕಂಡರೆ ಟಿಸಿಪಿಯ ಪ್ಯಾಕೆಟ್ ಕಾಯುವುದಿಲ್ಲ. ಪಕ್ಕದ ಸರದಿಯಲ್ಲಿ ತನ್ನ ಗಂಟು ಇಟ್ಟು ಹೊರಟುಬಿಡುತ್ತದೆ. ಪ್ರೋಗ್ರಾಂ ಬೀಗ ಬಿಡುವಾಗ ಆ ಸರದಿಯಲ್ಲಿರುವ ಗಂಟುಗಳನ್ನು ತಾನೇ ಬಿಚ್ಚಿ ಮುಗಿಸಿ ಹೋಗಬೇಕು. ಯಾರೂ ಕಾಯಲಿಲ್ಲ, ಯಾರೂ ಒಬ್ಬರ ಕೆಲಸದ ನಡುವೆ ಕೈ ಹಾಕಲಿಲ್ಲ.

ಆದರೆ ಬೀಗ ಕಾಯುವುದು ಅದನ್ನು ಒಪ್ಪಿದವರನ್ನು ಮಾತ್ರ. ಹಳೇ ಮೈಸೂರು ಸೀಮೆಯ ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ. ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡುವವನು ಅವನು, ತೂಬು ಎತ್ತುವ ಇಳಿಸುವ ಕೈ ಅವನದು. ಅವನಿಲ್ಲದ ಊರನ್ನು ಊಹಿಸಿಕೊಳ್ಳಿ. ರೈತನೊಬ್ಬ ಕಾಲುವೆ ಬಳಿ ಬಂದು ನೋಡುತ್ತಾನೆ, ಯಾರೂ ನೀರು ಬಿಟ್ಟುಕೊಂಡಿಲ್ಲ. ಗುದ್ದಲಿ ತರಲು ಮನೆಗೆ ಹೋಗುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ಬಂದು ನೋಡುತ್ತಾನೆ, ಅವನಿಗೂ ಯಾರೂ ಕಾಣುವುದಿಲ್ಲ. ಇಬ್ಬರೂ ನೋಡಿಯೇ ಬದು ಕಡಿದರು, ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನೀರುಗಂಟಿ ಇರುವ ಊರಿನಲ್ಲೂ, ಒಬ್ಬ ನಿಯಮ ಪಾಲಿಸಿ ಅವನನ್ನು ಕೇಳಿ ಬಂದಿದ್ದರೂ, ಇನ್ನೊಬ್ಬ ಕೇಳದಿದ್ದರೆ ಫಲ ಅದೇ.

ಎಎಫ್-ಪ್ಯಾಕೆಟ್‌ನಲ್ಲಿ ಆದದ್ದು ಅಕ್ಷರಶಃ ಇದು. ರಿಂಗ್ ಕಟ್ಟುವ ಕ್ರಿಯೆ, ಪ್ಯಾಕೆಟ್-ಸೆಟ್-ರಿಂಗ್, ಬೀಗ ಹಾಕುತ್ತಿತ್ತು. ಆದರೆ ಅರ್ಧ ಕೆಲಸ ಮುಗಿದ ಮೇಲೆ. ಆವೃತ್ತಿ ಬದಲಿಸುವ ಆಯ್ಕೆಯಂತೂ ಬೀಗದ ಗೋಜಿಗೇ ಹೋಗುತ್ತಿರಲಿಲ್ಲ. ರಿಂಗ್ ಇದೆಯೇ ಎಂದು ಕೇಳುತ್ತಿತ್ತು, ಇಲ್ಲವೆಂದರೆ ಬದಲಿಸುತ್ತಿತ್ತು.

ಒಂದೇ ಪ್ರೋಗ್ರಾಂನ ಎರಡು ಥ್ರೆಡ್‌ಗಳು, ಎರಡು ಪ್ರೊಸೆಸರ್‌ಗಳ ಮೇಲೆ, ಒಂದೇ ಸಾಕೆಟ್ ಹಿಡಿದಿವೆ ಎನ್ನಿ. ಮೊದಲನೆಯದು ಮೂರನೆಯ ಆವೃತ್ತಿಯ ರಿಂಗ್ ಬೇಕೆಂದು ಕೇಳುತ್ತದೆ. ಕರ್ನಲ್ ಮೆಮೊರಿ ಹೊಂದಿಸುತ್ತದೆ, ಆವೃತ್ತಿ ಮೂರು ಎಂದು ನೋಡಿ ಟೈಮರ್ ಹೂಡುತ್ತದೆ. ಟೈಮರ್ ಓಡತೊಡಗಿತು. ಆದರೆ ಕಟ್ಟಿದ ರಿಂಗನ್ನು ಸಾಕೆಟ್‌ಗೆ ತಗುಲಿಸುವ ಕೊನೆಯ ಹೆಜ್ಜೆ ಇನ್ನೂ ಬಾಕಿ. ಅದಕ್ಕೆ ಮುನ್ನ ಸಾಕೆಟನ್ನು ಜಾಲದಿಂದ ಬಿಡಿಸಬೇಕು, ಬೇರೆ ಪ್ರೊಸೆಸರ್‌ಗಳಲ್ಲಿ ಆಗಲೇ ನಡೆಯುತ್ತಿರುವ ಕೆಲಸ ಮುಗಿಯಲು ಕಾಯಬೇಕು. ಕಂಪ್ಯೂಟರ್ ಲೆಕ್ಕದಲ್ಲಿ ಇದು ದೀರ್ಘ ನಿಲುಗಡೆ. ಆ ಹೊತ್ತಿಗೆ ಎರಡನೆಯ ಥ್ರೆಡ್ ಬಂದು ಕೇಳುತ್ತದೆ: ಆವೃತ್ತಿಯನ್ನು ಒಂದಕ್ಕೆ ಇಳಿಸು. ಕರ್ನಲ್ ತನ್ನ ಪ್ರಶ್ನೆ ಕೇಳಿಕೊಳ್ಳುತ್ತದೆ. ರಿಂಗ್ ಇದೆಯೇ? ಇನ್ನೂ ತಗುಲಿಸಿಲ್ಲವಲ್ಲ, ಹಾಗಾಗಿ ಇಲ್ಲ. ಸರಿ, ಇಳಿಸಿದೆ.

ಈಗ ಸಾಕೆಟ್ ಮೇಲೆ ‘ಒಂದು’ ಎಂದು ಬರೆದಿದೆ, ಒಳಗೆ ಮೂರನೆಯ ಆವೃತ್ತಿಯ ಟೈಮರ್ ಓಡುತ್ತಿದೆ. ಪ್ರೋಗ್ರಾಂ ಸಾಕೆಟ್ ಮುಚ್ಚುತ್ತದೆ. ಮುಚ್ಚುವ ಕೋಡ್ ಆವೃತ್ತಿ ನೋಡುತ್ತದೆ, ಒಂದು ಎಂದಿದೆ, ಟೈಮರ್ ಗೊಡವೆ ಇಲ್ಲ ಎಂದುಕೊಂಡು ಸಾಕೆಟ್‌ನ ಮೆಮೊರಿಯನ್ನು ಬಿಟ್ಟುಕೊಡುತ್ತದೆ. ಆ ಮೆಮೊರಿ ಇನ್ನು ಯಾರಿಗೆ ಬೇಕಾದರೂ ಸಿಗಬಹುದು.

ಬಾಡಿಗೆ ಮನೆ ಖಾಲಿ ಮಾಡಿ ಹೋದವರು ಹಾಲಿನವನಿಗೆ ‘ನಾಳೆಯಿಂದ ಬೇಡ’ ಎನ್ನಲು ಮರೆತಿದ್ದಾರೆ. ಅವನು ಬೆಳಗಿನ ಜಾವ ಎಂದಿನಂತೆ ಬರುತ್ತಾನೆ. ಬಾಗಿಲಿಗೆ ಅಂಟಿಸಿದ ಚೀಟಿ ಓದಿ ಅದರಲ್ಲಿ ಹೇಳಿದಂತೆ ಮಾಡುವುದು ಅವನ ರೂಢಿ. ಈಗ ಮನೆಯಲ್ಲಿ ಬೇರೆಯವರಿದ್ದಾರೆ, ಚೀಟಿ ಅವರು ಬರೆದದ್ದು. ಕರ್ನಲ್‌ನ ಟೈಮರ್‌ನಲ್ಲೂ ಇಂಥ ಚೀಟಿಯೊಂದಿರುತ್ತದೆ: ಹೊತ್ತು ಮುಗಿದಾಗ ಯಾವ ಕ್ರಿಯೆಯನ್ನು ಕರೆಯಬೇಕು ಎಂಬ ವಿಳಾಸ. ಬಿಟ್ಟುಹೋದ ಮೆಮೊರಿಯನ್ನು ಆಕ್ರಮಣಕಾರ ತನ್ನ ಅಕ್ಷರಗಳಿಂದ ತುಂಬಿದರೆ, ಕರ್ನಲ್ ತನ್ನ ಪೂರ್ಣ ಅಧಿಕಾರದೊಂದಿಗೆ ಅವನು ಬರೆದ ವಿಳಾಸಕ್ಕೆ ಹೋಗುತ್ತದೆ. ಬಿಟ್ಟ ಮೇಲೂ ಬಳಸುವ ಈ ಜಾತಿಯ ದೋಷಕ್ಕೆ ಯೂಸ್-ಆಫ್ಟರ್-ಫ್ರೀ ಎನ್ನುತ್ತಾರೆ. ಪೆಟರ್ಸನ್ ಉಬುಂಟು 16.04ರ ಮೇಲೆ ಇದನ್ನು ಮಾಡಿ ತೋರಿಸಿದರು. ಸಾಮಾನ್ಯ ಖಾತೆಯಿಂದ ಹೊರಟು ಯಂತ್ರದ ಯಜಮಾನಿಕೆಯಾದ ರೂಟ್ ಅಧಿಕಾರ ಮುಟ್ಟುವವರೆಗೆ.

ಇಲ್ಲಿ ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಸಾಕೆಟ್‌ನ ಆಯುಸ್ಸನ್ನು ಕಾಯಲು ಕರ್ನಲ್‌ನಲ್ಲಿ ಒಂದು ಎಣಿಕೆ ಇದೆ. ಯಾರಾದರೂ ಸಾಕೆಟನ್ನು ನೆಚ್ಚಿಕೊಂಡರೆ ಸಾಕ್-ಹೋಲ್ಡ್ ಎಂದು ಎಣಿಕೆ ಏರಿಸಬೇಕು, ಕೈಬಿಟ್ಟಾಗ ಸಾಕ್-ಪುಟ್ ಎಂದು ಇಳಿಸಬೇಕು. ಸೊನ್ನೆ ಮುಟ್ಟಿದಾಗಲೇ ಮೆಮೊರಿ ಬಿಡುಗಡೆ. ಟಿಸಿಪಿಯ ಟೈಮರ್‌ಗಳು ಹೂಡುವಾಗಲೇ ಒಂದು ಎಣಿಕೆ ಏರಿಸಿಕೊಳ್ಳುತ್ತವೆ. ಟೈಮರ್ ಬಾಕಿ ಇರುವವರೆಗೆ ಸಾಕೆಟ್ ಸಾಯುವಂತಿಲ್ಲ. ಎಎಫ್-ಪ್ಯಾಕೆಟ್‌ನ ಈ ಟೈಮರ್ ಹಾಗೆ ಮಾಡುತ್ತಿರಲಿಲ್ಲ. ಮುಚ್ಚುವ ಕೋಡ್ ತನ್ನನ್ನು ಮರೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಓಡುತ್ತಿತ್ತು. ಎಣಿಕೆ ಹಿಡಿದಿದ್ದರೆ ಇದೇ ಪೈಪೋಟಿಯ ಫಲ ಸೋರಿದ ಒಂದಿಷ್ಟು ಮೆಮೊರಿಯಲ್ಲಿ ಮುಗಿಯುತ್ತಿತ್ತು. ಅದೂ ತಪ್ಪೇ. ಆದರೆ ಸೋರುವ ಮಾಡಿಗೂ ಕಳ್ಳ ನುಗ್ಗಿದ ಮನೆಗೂ ವ್ಯತ್ಯಾಸವಿದೆ.

ಐದು ವರ್ಷ ಯಾರಿಗೂ ಕಾಣಲಿಲ್ಲವೇಕೆ? ಒಂದು ಕಾರಣ, ಬಹಳ ಕಾಲ ಇದನ್ನು ನೋಡುವ ಅಗತ್ಯವೇ ಇದ್ದಂತೆ ತೋರಲಿಲ್ಲ. ಕಚ್ಚಾ ಪ್ಯಾಕೆಟ್‌ಗಳನ್ನು ಮುಟ್ಟಲು ವಿಶೇಷ ಅಧಿಕಾರ ಬೇಕು. ಅದಿರುವವನು ಹೆಚ್ಚೂಕಡಿಮೆ ಯಂತ್ರದ ಯಜಮಾನನೇ. ಯಜಮಾನ ತನ್ನ ಮನೆಗೆ ತಾನೇ ಕನ್ನ ಹಾಕಿದರೆ ಯಾರಿಗೆ ಚಿಂತೆ? ಆದರೆ 2013ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 3.8ರಿಂದ ಸಾಮಾನ್ಯ ಬಳಕೆದಾರನೂ ತನ್ನದೇ ಯೂಸರ್ ನೇಮ್‌ಸ್ಪೇಸ್ ಸೃಷ್ಟಿಸಿಕೊಳ್ಳುವಂತಾಯಿತು. ಆ ಪುಟ್ಟ ಆವರಣದೊಳಗೆ ಅವನೇ ರೂಟ್, ಅವನದೇ ಖಾಸಗಿ ನೆಟ್‌ವರ್ಕ್. ಕಂಟೇನರ್‌ಗಳಿಗೆ ಇದು ಬೇಕಿತ್ತು, ಬ್ರೌಸರ್‌ಗಳು ಅಪರಿಚಿತ ಪುಟಗಳನ್ನು ಕಟ್ಟಿಹಾಕಲೂ ಇದನ್ನು ನೆಚ್ಚಿಕೊಂಡವು. ಆವರಣದ ಅಧಿಕಾರ ಆಟಿಕೆಯದ್ದು, ಹೊರಗೆ ನಡೆಯುವುದಿಲ್ಲ. ಆದರೆ ಆ ಅಧಿಕಾರದಿಂದ ಓಡುವ ಕರ್ನಲ್ ಕೋಡ್ ಆಟಿಕೆಯದ್ದಲ್ಲ, ಎಲ್ಲರಿಗೂ ಒಂದೇ. ಯಜಮಾನ ಮಾತ್ರ ಓಡಾಡುವ ಹಿತ್ತಿಲು ಎಂದುಕೊಂಡು ಬರೆದ ಕೋಡ್ ಒಂದು ದಿನ ಬೆಳಗಾಗುವಷ್ಟರಲ್ಲಿ ರಾಜಬೀದಿಗೆ ಬಿತ್ತು.

ಪೆಟರ್ಸನ್ ಹಿಡಿದ ಎಳೆ ಇದೇ. ಹೊಸದಾಗಿ ಎಲ್ಲರಿಗೂ ತೆರೆದುಕೊಂಡ ದಾರಿಗಳು ಯಾವುವು ಎಂದು ಗುರುತಿಸಿ, ಆ ಭಾಗದ ಕೋಡನ್ನೇ ಓದಿದರು. ತಾವು ದೋಷ ಕಂಡದ್ದು ಹೀಗೆ ಎಂದು ಅವರೇ ಬರೆದಿದ್ದಾರೆ. ಈ ನೇಮ್‌ಸ್ಪೇಸ್ ಸೌಲಭ್ಯವನ್ನು ಮೊದಲಿನಿಂದಲೇ ಬಂದ್ ಇಟ್ಟು, ಬೇಕಾದವರು ತೆರೆದುಕೊಳ್ಳುವಂತೆ ಮಾಡಬೇಕು ಎಂದೂ ಹೇಳಿದರು. ಆ ಸಲಹೆಯ ಬಗ್ಗೆ ವಾದಗಳಿವೆ, ಇರಲಿ. ಓದುವ ವಿಧಾನದ ಬಗ್ಗೆ ವಾದವಿಲ್ಲ. ಲಕ್ಷಾಂತರ ಸಾಲುಗಳಲ್ಲಿ ಯಾವುದನ್ನು ಓದಬೇಕೆಂದು ಆರಿಸಿಕೊಂಡದ್ದರಲ್ಲೇ ಅರ್ಧ ಆವಿಷ್ಕಾರವಿತ್ತು ಎಂದು ನಾನು ನಂಬುತ್ತೇನೆ.

2016ರ ನವೆಂಬರ್ 28ರಂದು ವರದಿ ಹೋಯಿತು. 30ಕ್ಕೆ ಪ್ಯಾಚ್, ಡಿಸೆಂಬರ್ 2ಕ್ಕೆ ಅದರ ಸೇರ್ಪಡೆ, 6ಕ್ಕೆ ಬಹಿರಂಗ ಪ್ರಕಟಣೆ. ಎಂಟು ದಿನ. ಪ್ಯಾಚ್ ಬರೆದವರೂ ಪೆಟರ್ಸನ್ ಅವರೇ. ಜೊತೆಗೆ ಎರಿಕ್ ದುಮಾಜೆ ಮತ್ತು ಆಗ ನೆಟ್‌ವರ್ಕ್ ವಿಭಾಗದ ಮೇಲ್ವಿಚಾರಕರಾಗಿದ್ದ ಡೇವಿಡ್ ಮಿಲ್ಲರ್ ಅವರ ಸಹಿ. ಪ್ಯಾಚ್ ಒಂದೇ ಪರದೆಯಲ್ಲಿ ಹಿಡಿಸುವಷ್ಟು ಚಿಕ್ಕದು. ರಿಂಗ್ ಕಟ್ಟುವ ಕ್ರಿಯೆಯಲ್ಲಿ ನಡುವೆ ಇದ್ದ ಬೀಗವನ್ನು ಎತ್ತಿ ಮೊದಲಿಗೇ ತಂದರು. ಆವೃತ್ತಿ ಬದಲಿಸುವಲ್ಲಿ ಮೊದಲು ಬೀಗ, ಆಮೇಲೆ ಅದೇ ಹಳೆಯ ಪ್ರಶ್ನೆ, ಆಮೇಲೆ ಬದಲಾವಣೆ, ಕೊನೆಗೆ ಬೀಗ ತೆಗೆಯುವುದು. ಪ್ರಶ್ನೆಯನ್ನು ಬದಲಿಸಲಿಲ್ಲ. ಅದರ ಉತ್ತರ ಹಳಸದಂತೆ ನೋಡಿಕೊಂಡರು. ಡಿಸೆಂಬರ್ 11ರಂದು ಬಂದ ಲಿನಕ್ಸ್ 4.9ರಲ್ಲಿ ಈ ತಿದ್ದುಪಡಿ ಇತ್ತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆವೃತ್ತಿ ಬದಲಿಸುವ ಆಯ್ಕೆಯ ನೇರ ಕೆಳಗೆ, ಅದೇ ಕ್ರಿಯೆಯಲ್ಲಿ, ಇನ್ನೊಂದು ಆಯ್ಕೆಯಿದೆ. ಪ್ರತಿ ಪ್ಯಾಕೆಟ್‌ನ ಮುಂದೆ ಎಷ್ಟು ಜಾಗ ಖಾಲಿ ಬಿಡಬೇಕು ಎಂದು ಹೇಳುವ ಆಯ್ಕೆ, ಪ್ಯಾಕೆಟ್-ರಿಸರ್ವ್. ಕೋಡಿಗೆ ಸೇರಿದ್ದು 2008ರಲ್ಲಿ. ಅದರಲ್ಲೂ ಅದೇ ಪ್ರಶ್ನೆ: ರಿಂಗ್ ಇದೆಯೇ? ಇಲ್ಲವೆಂದರೆ ಬರೆ. ಅದರಲ್ಲೂ ಬೀಗವಿಲ್ಲ. ರಿಂಗ್ ಕಟ್ಟುವ ಕ್ರಿಯೆ ಈ ಸಂಖ್ಯೆಯನ್ನು ಪರೀಕ್ಷಿಸಿ ‘ಜಾಗ ಸಾಲುತ್ತದೆ’ ಎಂದು ಮುಂದೆ ಹೋದ ಮೇಲೆ ಇನ್ನೊಂದು ಥ್ರೆಡ್ ಸಂಖ್ಯೆಯನ್ನು ಹಿಗ್ಗಿಸಿದರೆ, ಕರ್ನಲ್ ತನ್ನ ಗಡಿ ದಾಟಿ ಬರೆಯುತ್ತದೆ. 2016ರ ಪ್ಯಾಚ್ ಹಾಕಿದ ದಿನವೂ ಆ ಸಾಲುಗಳು ಕಣ್ಣೆದುರೇ ಇದ್ದವು. ಮುಚ್ಚಿದ್ದು 2017ರ ಆಗಸ್ಟ್‌ನಲ್ಲಿ, ವಿಲೆಮ್ ಡಿ ಬ್ರೂಯಿನ್ ಅವರ ಪ್ಯಾಚಿನಿಂದ; ಸಂಖ್ಯೆ ಸಿವಿಇ-2017-1000111. ಮೊದಲಿನ ದೋಷದಂಥದ್ದೇ ಇದು ಎಂದು ಪ್ರಕಟಣೆಯಲ್ಲೇ ಒಪ್ಪಿಕೊಂಡಿದ್ದರು.

ಅದನ್ನು ಹಿಡಿದದ್ದು ಸಿಜ್‌ಕಾಲರ್ ಎಂಬ ಸಾಧನ, ಹಿಂದೆ ನಿಂತವರು ಆಂದ್ರೇ ಕೊನೊವಾಲೊವ್. ಗೂಗಲ್‌ನ ದ್ಮಿತ್ರಿ ವ್ಯೂಕೊವ್ ಕಟ್ಟಿದ ಈ ಸಿಜ್‌ಕಾಲರ್ ಹಗಲು ರಾತ್ರಿ ಕರ್ನಲ್‌ಗೆ ಚಿತ್ರವಿಚಿತ್ರ ಕರೆಗಳನ್ನು ಕಳಿಸುತ್ತದೆ. ಯಾವ ಕರೆಗಳ ಸರಣಿ ಕೋಡಿನ ಹೊಸ ಮೂಲೆಯೊಂದನ್ನು ಮುಟ್ಟಿತೋ ಅದನ್ನು ಇಟ್ಟುಕೊಂಡು, ತಿರುಚಿ, ಮತ್ತೆ ಕಳಿಸುತ್ತದೆ. ಜೊತೆಗೆ ಕಾವಲಿಗೆ ಕೆಎಸಾನ್. ಆಂದ್ರೇ ರ್‍ಯಾಬಿನಿನ್ ಅವರ ಕೆಲಸ, 2015ರ ಲಿನಕ್ಸ್ 4.0ರಲ್ಲಿ ಸೇರಿದ್ದು. ಮೆಮೊರಿಯ ಪ್ರತಿ ಎಂಟು ಬೈಟ್‌ಗೆ ಒಂದು ಬೈಟ್‌ನಂತೆ ನೆರಳು ಲೆಕ್ಕ ಇಟ್ಟಿರುತ್ತದೆ; ಬಿಟ್ಟ ಮೆಮೊರಿಯನ್ನು ಯಾರಾದರೂ ಮುಟ್ಟಿದ ಕ್ಷಣವೇ ಯಾರು ಪಡೆದದ್ದು, ಯಾರು ಬಿಟ್ಟದ್ದು, ಈಗ ಮುಟ್ಟುತ್ತಿರುವವರು ಯಾರು ಎಂದು ಮೂರನ್ನೂ ಬರೆದು ಕೊಡುತ್ತದೆ. ಮೊದಲೆಲ್ಲ ಇಂಥ ದೋಷ ಯಾವುದೋ ಸಂಬಂಧವಿಲ್ಲದ ಜಾಗದಲ್ಲಿ, ಯಾವುದೋ ದಿನ ಯಂತ್ರ ಬಿದ್ದಾಗ ಕಾಣಿಸಿಕೊಳ್ಳುತ್ತಿತ್ತು.

ಅದೇ ಜೋಡಿ 2017ರ ಫೆಬ್ರವರಿಯಲ್ಲಿ ಇನ್ನೊಂದನ್ನು ಎತ್ತಿ ತೋರಿಸಿತ್ತು. ಅದು ಬೀಗದ್ದಲ್ಲ, ಶುದ್ಧ ಆಯುಸ್ಸಿನ ದೋಷ. ಡಿಸಿಸಿಪಿ ಎಂಬ, ಬಹಳ ಮಂದಿ ಬಳಸದ ಪ್ರೋಟೋಕಾಲ್. ಲಿನಕ್ಸ್‌ಗೆ ಸೇರಿದ್ದು 2005ರಲ್ಲಿ. ಸಂಪರ್ಕ ಕೋರಿ ಬಂದ ಪ್ಯಾಕೆಟನ್ನು ಆಮೇಲೆ ಬೇಕಾಗುತ್ತದೆಂದು ಒಂದು ಕಡೆ ಎಣಿಕೆ ಏರಿಸಿ ಇಟ್ಟುಕೊಂಡಿದ್ದರು. ಇನ್ನೊಂದು ಕಡೆಯ ಕೋಡ್ ಎಣಿಕೆ ನೋಡದೆ ಪ್ಯಾಕೆಟನ್ನು ನೇರವಾಗಿ ಬಿಡುಗಡೆ ಮಾಡುವ ಕ್ರಿಯೆ ಕರೆಯುತ್ತಿತ್ತು. ಎಣಿಕೆ ಇಟ್ಟದ್ದು ಸರಿ, ಆದರೆ ಅದನ್ನು ಕೇಳುವ ಬಾಗಿಲನ್ನೇ ಬಳಸಿರಲಿಲ್ಲ. ಎಣಿಕೆ ಇಳಿಸಿ, ಸೊನ್ನೆಯಾದರೆ ಮಾತ್ರ ಬಿಡುವ ಕ್ರಿಯೆಯನ್ನು ಹಾಕಿದರು, ಅಷ್ಟೇ ಪರಿಹಾರ. ಹನ್ನೊಂದು ವರ್ಷ ಮೀರಿದ ಹಳೆಯ ತಪ್ಪು ಅದು. ಆ ಪ್ರೋಟೋಕಾಲನ್ನೇ 2025ರಲ್ಲಿ ಕರ್ನಲ್‌ನಿಂದ ತೆಗೆದುಹಾಕಿದರು.

ಎಎಫ್-ಪ್ಯಾಕೆಟ್‌ಗೆ ಮರಳಿದರೆ, 2018ರ ಏಪ್ರಿಲ್‌ನಲ್ಲಿ ಎರಡು ಬಾರಿ ಈ ಆಯ್ಕೆಗಳೆಲ್ಲ ಇರುವ ಅದೇ ಕ್ರಿಯೆಯನ್ನು ತಿದ್ದಬೇಕಾಯಿತು. ಪ್ಯಾಕೆಟ್-ರಿಸರ್ವ್‌ನ ಕೆಳಗಿರುವ ಆಯ್ಕೆ ಪ್ಯಾಕೆಟ್-ಲಾಸ್. ಅದರಲ್ಲೂ ಅದೇ ಪ್ರಶ್ನೆ, ಅದರಲ್ಲೂ ಬೀಗವಿಲ್ಲ. ಮೇಲಾಗಿ ಅದು ಬರೆಯುತ್ತಿದ್ದ ಒಂದು ಬಿಟ್, ನೆರೆಯ ಬೇರೆ ಬಿಟ್‌ಗಳೊಂದಿಗೆ ಒಂದೇ ಪದದಲ್ಲಿ ಕೂತಿತ್ತು. ಇಬ್ಬರು ಏಕಕಾಲಕ್ಕೆ ತಮ್ಮ ತಮ್ಮ ಬಿಟ್ ಬರೆದರೆ ಒಬ್ಬರದು ಅಳಿಸಿ ಹೋಗುತ್ತಿತ್ತು. ಅದಕ್ಕೂ ಅಂಥ ಇನ್ನಷ್ಟು ಆಯ್ಕೆಗಳಿಗೂ ಬೀಗ ಬಂತು.

ಇನ್ನೊಂದು ತಿದ್ದುಪಡಿ ನನಗೆ ಇಡೀ ಕತೆಯ ಅತಿ ಮುಖ್ಯ ಘಟ್ಟವಾಗಿ ಕಾಣುತ್ತದೆ. 2016ರಲ್ಲಿ ಬೀಗವನ್ನು ಪ್ಯಾಕೆಟ್-ಸೆಟ್-ರಿಂಗ್‌ನ ಮೊದಲ ಸಾಲಿಗೆ ತಂದಿದ್ದರಲ್ಲ, ಆ ಕ್ರಿಯೆಯನ್ನು ಕರೆಯುವವರು ಯಾರು? ಕರೆಯುವ ಕೋಡ್ ಅದಕ್ಕೂ ಮೊದಲೇ ಆವೃತ್ತಿಯನ್ನು ಒಮ್ಮೆ ಓದುತ್ತಿತ್ತು. ಬಳಕೆದಾರನಿಂದ ಎಷ್ಟು ಬೈಟ್ ಬೇಡಿಕೆ ಪತ್ರ ನಕಲು ಮಾಡಿಕೊಳ್ಳಬೇಕು ಎಂದು ತಿಳಿಯಲು. ಒಂದನೆಯ ಆವೃತ್ತಿಯ ಪತ್ರ ಚಿಕ್ಕದು, ಮೂರನೆಯದರದು ದೊಡ್ಡದು. ಆವೃತ್ತಿ ಒಂದು ಎಂದು ಓದಿ ಚಿಕ್ಕ ಪತ್ರ ನಕಲಿಸಿಕೊಂಡ ಮೇಲೆ, ಬೀಗ ಬೀಳುವ ಮುನ್ನ, ಯಾರಾದರೂ ಆವೃತ್ತಿಯನ್ನು ಮೂರಕ್ಕೆ ಏರಿಸಿದರೆ? ಒಳಗಿನವರು ದೊಡ್ಡ ಪತ್ರವೆಂದು ನಂಬಿ, ಯಾರೂ ಬರೆಯದ ಬೈಟ್‌ಗಳನ್ನು ಓದುತ್ತಾರೆ. ಸಿಜ್‌ಕಾಲರ್‌ನ ಸ್ವಯಂಚಾಲಿತ ರೂಪವಾದ ಸಿಜ್‌ಬಾಟ್ ಇದನ್ನು ಹಿಡಿಯಿತು, ಎರಿಕ್ ದುಮಾಜೆ ತಿದ್ದಿದರು. ಬೀಗವನ್ನು ಇನ್ನೂ ಒಂದು ಹೆಜ್ಜೆ ಹೊರಗೆ, ಕರೆಯುವವರ ಕೈಗೇ ಕೊಟ್ಟರು. ಐದು ವರ್ಷದ ದೋಷವನ್ನು ಮುಚ್ಚಿದ ಪ್ಯಾಚೇ ಕೂದಲೆಳೆಯಷ್ಟು ತಡವಾಗಿ ಬೀಗ ಹಾಕುತ್ತಿತ್ತು, ಅದೇ ಆವೃತ್ತಿಯ ಸಂಖ್ಯೆಯ ವಿಷಯದಲ್ಲಿ.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಜಗತ್ತಿನ ಅತಿ ನುರಿತ ಕೈಗಳು ಆ ಸಾಲುಗಳ ಮೇಲಿದ್ದವು. ಆದರೆ 2016ರಲ್ಲಿ ಅವರು ಕೇಳಿಕೊಂಡದ್ದು, ಈ ದೋಷವನ್ನು ಮುಚ್ಚುವುದು ಹೇಗೆ ಎಂದು. ಆವೃತ್ತಿಯ ಸಂಖ್ಯೆಯನ್ನು ಕಾಯುವ ಬೀಗ ಯಾವುದು, ಅದನ್ನು ಓದುವ ಬರೆಯುವ ಪ್ರತಿಯೊಬ್ಬರೂ ಆ ಬೀಗ ಹಿಡಿದಿದ್ದಾರೆಯೇ ಎಂದು ಕೇಳಿಕೊಂಡಿದ್ದರೆ, ಎರಡು ಸಾಲು ಮೇಲೆ, ಹತ್ತು ಸಾಲು ಕೆಳಗೆ ಕಣ್ಣು ಹಾಯಿಸಲೇಬೇಕಾಗುತ್ತಿತ್ತು. ಮೊದಲ ದೋಷವನ್ನು ಮನುಷ್ಯ ಓದಿ ಕಂಡ. ಅದರ ಒಡಹುಟ್ಟುಗಳನ್ನು ಕಾಣಲು ಯಂತ್ರ ಹಗಲು ರಾತ್ರಿ ಓಡಬೇಕಾಯಿತು, ಹದಿನಾರು ತಿಂಗಳು ಹಿಡಿಯಿತು. ಅವೆಲ್ಲ ಒಂದೇ ಕಡತದಲ್ಲಿ, ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು.

ಕಂಪ್ಯೂಟರ್ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನದೊಂದು ಬೇಡಿಕೆ. ಲಿನಕ್ಸ್ ಕರ್ನಲ್‌ನ ಕೋಡ್ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದದ್ದು, ಕಾಸು ಕೊಡಬೇಕಿಲ್ಲ. ‘ನೆಟ್’ ಕೋಶದೊಳಗಿನ ‘ಪ್ಯಾಕೆಟ್’ ಕೋಶಕ್ಕೆ ಹೋಗಿ ಎಎಫ್-ಪ್ಯಾಕೆಟ್ ಕಡತ ತೆರೆಯಿರಿ. ಅದರಲ್ಲಿ ಪ್ಯಾಕೆಟ್-ಸೆಟ್‌ಸಾಕ್‌ಆಪ್ಟ್ ಎಂಬ ಒಂದು ಕ್ರಿಯೆಯನ್ನು ಮಾತ್ರ ಓದಿ. ಒಂದೊಂದು ಆಯ್ಕೆಯ ಎದುರಿಗೂ ಬೀಗ ಎಲ್ಲಿ ಬಿತ್ತು, ಪ್ರಶ್ನೆ ಎಲ್ಲಿ ಕೇಳಿದರು, ಬೀಗ ಎಲ್ಲಿ ತೆಗೆದರು ಎಂದು ಕಾಗದದ ಮೇಲೆ ಗುರುತು ಹಾಕುತ್ತಾ ಬನ್ನಿ. ಒಂದು ಮಧ್ಯಾಹ್ನದ ಕೆಲಸ.